ತಲೆಯ ಭಾರ ನೀರಿಗೆ

ಮನುಷ್ಯನ ತಲೆ ಹೆಚ್ಚುಕಡಿಮೆ ಐದು ಕಿಲೊ ತೂಗುತ್ತದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ದಿಂಬು ಸಿಗುವವರೆಗೆ ಕತ್ತು ಅದನ್ನು ಹೊತ್ತೇ ಇರುತ್ತದೆ, ಹೊತ್ತಿದ್ದೇನೆಂಬ ಅರಿವೂ ಇಲ್ಲದೆ. ಎದೆಮಟ್ಟದ ಬೆಚ್ಚಗಿನ ನೀರಿನಲ್ಲಿ ನಿಂತವರೊಬ್ಬರ ಮೊಣಕೈ ಮಡಿಕೆಗೆ ಆ ಹೊರೆ ಇಳಿಸಿ, ಅಂಗಾತ ತೇಲುತ್ತಾ ಸುಮ್ಮನಿರಿ ಎಂದರೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ ಅನ್ನಿಸುತ್ತದೆ. ಆದರೆ ಬಹಳ ಜನ ಮೊದಲ ಹತ್ತು ನಿಮಿಷ ತಲೆಯನ್ನು ಕೊಟ್ಟ ಹಾಗೆ ಮಾಡಿ ತಾವೇ ಹಿಡಿದುಕೊಂಡಿರುತ್ತಾರೆ. ಕಾಲು ಎತ್ತಲು ಬಂದರೆ ತಾವೇ ಎತ್ತಿಕೊಡುತ್ತಾರೆ. ಕೈಯನ್ನು ಪಕ್ಕಕ್ಕೆ ತೇಲಿಬಿಟ್ಟರೆ ಹಿಂದಕ್ಕೆ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾರೆ, ತುಂಬಿದ ಬಸ್ಸಿನಲ್ಲಿ ಪಕ್ಕದವರಿಗೆ ತಾಗದಂತೆ ಮುದುಡಿ ಕೂತವರ ಹಾಗೆ.

ಈ ಚಿಕಿತ್ಸೆಯ ಹೆಸರು ವಾಟ್ಸು. ವಾಟರ್ ಮತ್ತು ಶಿಯಾಟ್ಸು ಸೇರಿಸಿ ಮಾಡಿದ ಹೆಸರು. ಶಿಯಾಟ್ಸು ಎಂದರೆ ಹೆಬ್ಬೆರಳು, ಅಂಗೈಗಳಿಂದ ಮೈಯನ್ನು ಒತ್ತುವ ಜಪಾನಿ ಪದ್ಧತಿ. ಅದನ್ನು ನೀರಿಗೆ ಇಳಿಸಿದವರು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟೂ ಅಲ್ಲ. ಹೆರಾಲ್ಡ್ ಡಲ್ ಎಂಬ ಅಮೆರಿಕನ್ ಕವಿ. 1935ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಡಲ್, ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಜ್ಯಾಕ್ ಸ್ಪೈಸರ್ ಸುತ್ತ ಸೇರಿದ್ದ ಕವಿಗಳ ಗುಂಪಿನಲ್ಲಿ ಒಬ್ಬರಾಗಿದ್ದರು. ಆಮೇಲೆ ಶಿಯಾಟ್ಸು ಹಿಡಿಸಿತು. ಜಪಾನಿಗೆ ಹೋಗಿ, ಝೆನ್ ಶಿಯಾಟ್ಸು ರೂಪಿಸಿದ ಶಿಝುತೊ ಮಸುನಾಗ ಅವರ ಬಳಿ ಕಲಿತು ಬಂದರು. ಮಸುನಾಗ ಪದ್ಧತಿಯಲ್ಲಿ ಒತ್ತುವುದರ ಜೊತೆಗೆ ಕೈಕಾಲುಗಳನ್ನು ಎಳೆದು ಚಾಚುವುದೂ ಇದೆ. ಹಾಗೆ ಚಾಚಿದರೆ ದೇಹದೊಳಗಿನ ಪ್ರಾಣಶಕ್ತಿಯ ಹಾದಿಗಳು ತೆರೆದುಕೊಳ್ಳುತ್ತವೆ ಎಂಬುದು ಅವರ ನಂಬಿಕೆ.

ಉತ್ತರ ಕ್ಯಾಲಿಫೋರ್ನಿಯಾದ ಲೇಕ್ ಕೌಂಟಿಯ ಗುಡ್ಡಗಳ ನಡುವೆ ಹಾರ್ಬಿನ್ ಹಾಟ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ತಾಣವಿದೆ. ಲೇಕ್ ಮಿವೋಕ್ ಎಂಬ ಮೂಲನಿವಾಸಿಗಳ ನೆಲ. ಬಿಳಿಯರು ಬಂದ ಮೇಲೆ ಅದು ವಿಹಾರಧಾಮವಾಯಿತು. 1970ರ ದಶಕದಲ್ಲಿ ಹಿಪ್ಪಿಗಳ ಕಾಲದ ಗಾಳಿ ಬೀಸಿ ಸಮುದಾಯ ಜೀವನದ ಪ್ರಯೋಗಶಾಲೆಯಾಯಿತು. ಅಲ್ಲಿ ಬಟ್ಟೆ ತೊಟ್ಟು ನೀರಿಗಿಳಿಯುವುದೂ ಬಿಡುವುದೂ ಅವರವರ ಇಷ್ಟ. ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಇಂದು ಆಸ್ಪತ್ರೆಯ ಕೊಳಗಳಲ್ಲಿ ಮೈತುಂಬ ಈಜುಡುಪು ತೊಟ್ಟವರಿಗೆ ಕೊಡುವ ವಾಟ್ಸು ಹುಟ್ಟಿದ್ದು ಹೀಗೆ ಸಂಕೋಚ ಬಿಟ್ಟ ಜನರ ನಡುವೆ. ಡಲ್ ಅಲ್ಲಿ ಶಿಯಾಟ್ಸು ಕಲಿಸುತ್ತಿದ್ದರು. 1980ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳನ್ನು ಬೆಚ್ಚಗಿನ ಕೊಳದಲ್ಲಿ ತೇಲಿಸಿಕೊಂಡು ಅದೇ ಚಾಚುವಿಕೆಗಳನ್ನು ಮಾಡಿಸತೊಡಗಿದರು. ಚಾಪೆಯ ಮೇಲೆ ಬಿಗಿ ಹಿಡಿದುಕೊಳ್ಳುತ್ತಿದ್ದ ಕೀಲುಗಳು ನೀರಿನಲ್ಲಿ ಬಿಟ್ಟುಕೊಟ್ಟವು.

2015ರ ಸೆಪ್ಟೆಂಬರಿನಲ್ಲಿ ವ್ಯಾಲಿ ಫೈರ್ ಎಂದು ಹೆಸರಾದ ಕಾಡ್ಗಿಚ್ಚು ಹಾರ್ಬಿನ್‌ನ ಕಟ್ಟಡಗಳನ್ನು ಬಹುಪಾಲು ಸುಟ್ಟುಹಾಕಿತು. 2019ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಅಷ್ಟರಲ್ಲಿ ವಾಟ್ಸು ಯೂರೋಪು, ಜಪಾನು, ಬ್ರೆಜಿಲ್, ಇಸ್ರೇಲ್ ಎಂದು ಹೋಗಿ ಬೇರೂರಿತ್ತು. ಸ್ವಿಟ್ಜರ್‌ಲೆಂಡಿನಲ್ಲಂತೂ 1987ರಲ್ಲೇ ವಾಟರ್‌ಡ್ಯಾನ್ಸ್ ಎಂಬ ಸೋದರ ಪದ್ಧತಿ ಹುಟ್ಟಿಕೊಂಡಿತು. ಅದರಲ್ಲಿ ಮೂಗಿಗೆ ಕ್ಲಿಪ್ ಹಾಕಿ ಮನುಷ್ಯನನ್ನು ಪೂರ್ತಿ ನೀರೊಳಗೇ ತಿರುಗಿಸುತ್ತಾರೆ. ವಾಟ್ಸುವಿನಲ್ಲಿ ಹಾಗಿಲ್ಲ, ಮುಖ ಸದಾ ನೀರಿನ ಮೇಲೆ.

ಒಂದು ಸರದಿ ಸುಮಾರು ಒಂದು ಗಂಟೆ. ಕೊಳದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದರಿಂದ ಶುರು. ಕಾಲು ಮುಳುಗುವವರಿಗೆ ತೊಡೆಗೋ ಮಂಡಿಗೋ ಫ್ಲೋಟ್ ಕಟ್ಟುತ್ತಾರೆ. ಗಂಡಸರಲ್ಲಿ ಬಹಳ ಮಂದಿಗೆ ಇದು ಬೇಕಾಗುತ್ತದೆ, ಅವರ ಕಾಲು ಕಲ್ಲಿನ ಹಾಗೆ ಕೆಳಗಿಳಿಯುತ್ತದೆ. ಆಮೇಲೆ ಚಿಕಿತ್ಸಕರು ಒಂದು ತೋಳನ್ನು ಕತ್ತಿನ ಕೆಳಗೆ, ಇನ್ನೊಂದನ್ನು ಸೊಂಟದ ಕೆಳಗೆ ತಂದು ಮಲಗಿಸಿಕೊಳ್ಳುತ್ತಾರೆ. ಕಿವಿ ನೀರೊಳಗೆ ಹೋಗುತ್ತಿದ್ದಂತೆ ಹೊರಗಿನ ಸದ್ದು ಸತ್ತು ಸ್ವಂತ ಉಸಿರೊಂದೇ ದೊಡ್ಡದಾಗಿ ಕೇಳತೊಡಗುತ್ತದೆ. ಮೊದಲ ಕೆಲಸವೇ ಈ ಉಸಿರಿನದು. ಒಳಗೆಳೆದುಕೊಂಡಾಗ ಶ್ವಾಸಕೋಶ ತುಂಬಿ ಮೈ ಒಂದಿಷ್ಟು ಮೇಲೇಳುತ್ತದೆ, ಬಿಟ್ಟಾಗ ತಗ್ಗುತ್ತದೆ. ಚಿಕಿತ್ಸಕರು ಏನನ್ನೂ ಎತ್ತುವುದಿಲ್ಲ. ಆ ಏರಿಳಿತವನ್ನು ತಮ್ಮ ಉಸಿರಿನಿಂದ ಹಿಂಬಾಲಿಸುತ್ತಾರೆ. ಹಲವು ನಿಮಿಷ ಬರೀ ಇಷ್ಟೇ. ಕೊಳದ ಅಂಚಿನಲ್ಲಿ ಕೂತು ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ.

ಆಮೇಲೆ ಚಲನೆ. ಎರಡೂ ಮಂಡಿ ಎದೆಯ ಕಡೆ ಮಡಚಿ ಮತ್ತೆ ಬಿಡಿಸುವುದಕ್ಕೆ ಅಕಾರ್ಡಿಯನ್ ಎನ್ನುತ್ತಾರೆ. ಇಡೀ ಮೈಯನ್ನು ನೀರಿನಲ್ಲಿ ಬಲಕ್ಕೂ ಎಡಕ್ಕೂ ಬೀಸುವುದಕ್ಕೆ ಸೀವೀಡ್, ಅಂದರೆ ಕಡಲ ಪಾಚಿ. ಇಲ್ಲಿ ಎಳೆಯುವುದು ಕೈಯ ಬಲವಲ್ಲ. ಚಿಕಿತ್ಸಕರು ಕಾಲು ಅಗಲಿಸಿ, ನೀರು ಗದ್ದಕ್ಕೆ ತಾಗುವಷ್ಟು ಕುಗ್ಗಿ ನಿಂತು, ತಮ್ಮ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ತೇಲುತ್ತಿರುವ ದೇಹದ ತಲೆ ಆ ಕಡೆ ಹೋದಾಗ ಸೊಂಟ, ಕಾಲು, ಕೊನೆಗೆ ಪಾದ ಒಂದರ ಹಿಂದೊಂದು ತಡವಾಗಿ ಹಿಂಬಾಲಿಸುತ್ತವೆ; ನೀರಿನ ತಡೆಯಿಂದಾಗಿ ಬೆನ್ನುಮೂಳೆ ಉದ್ದಕ್ಕೂ ತಾನಾಗಿಯೇ ಬಾಗುತ್ತದೆ. ಇಂಥ ಬಾಗು ನೆಲದ ಮೇಲೆ ಮಸಾಜ್ ಮೇಜಿನಲ್ಲಿ ಸಿಗುವುದಿಲ್ಲ, ಅಲ್ಲಿ ಬೆನ್ನಿನ ಅಡಿಗೆ ಹಲಗೆ ಇರುತ್ತದಲ್ಲ. ನೋವಿರುವ ಭುಜ, ಕತ್ತಿನ ಬುಡಗಳಲ್ಲಿ ಅಷ್ಟಿಷ್ಟು ಒತ್ತುವುದೂ ಇದೆ. ಮಾತಿಲ್ಲ. ಕೊನೆಗೆ ಮತ್ತೆ ಗೋಡೆಗೆ ತಂದು, ಪಾದ ನೆಲಕ್ಕೆ ಊರಿಸಿ, ಕೈ ಹಿಂದೆಗೆದು ಚಿಕಿತ್ಸಕರು ಸ್ವಲ್ಪ ದೂರ ಸರಿಯುತ್ತಾರೆ. ಒಳ್ಳೆಯ ಚಿಕಿತ್ಸಕರನ್ನು ಗುರುತಿಸಬೇಕಾದರೆ ಇದನ್ನು ನೋಡಬೇಕು ಎಂಬುದು ನನ್ನ ಅನ್ನಿಸಿಕೆ. ಬಿಟ್ಟು ಸರಿಯುವುದಕ್ಕೆ ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು.

ಇದರಲ್ಲಿ ಪ್ರಾಣಶಕ್ತಿಯ ಪಾಲೆಷ್ಟು, ಭೌತಶಾಸ್ತ್ರದ ಪಾಲೆಷ್ಟು? ಶಿಯಾಟ್ಸು ಹೇಳುವ ಶಕ್ತಿಯ ಹಾದಿಗಳು ಅಂಗರಚನಾ ಶಾಸ್ತ್ರಕ್ಕೆ ಇದುವರೆಗೆ ಕಂಡಿಲ್ಲ. ಅವಿಲ್ಲದೆಯೂ ವಾಟ್ಸುವಿನ ಬಹಳಷ್ಟನ್ನು ವಿವರಿಸಬಹುದು. ಕತ್ತಿನವರೆಗೆ ನೀರಿನಲ್ಲಿ ನಿಂತ ಮನುಷ್ಯ ನೆಲದ ಮೇಲೆ ಊರುವ ಭಾರ ಅವನ ನಿಜವಾದ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು. ಎಪ್ಪತ್ತು ಕಿಲೊ ಆಸಾಮಿ ಏಳು ಕಿಲೊ ಆಗುತ್ತಾನೆ. ಅಂಗಾತ ತೇಲಿದರೆ ಅದೂ ಇಲ್ಲ. ದಿನವಿಡೀ ನಮ್ಮನ್ನು ನೆಟ್ಟಗೆ ನಿಲ್ಲಿಸಿರುವ ಸ್ನಾಯುಗಳಿಗೆ ಆಗ ಕೆಲಸವೇ ಉಳಿಯುವುದಿಲ್ಲ.

ಜೊತೆಗೆ ನೀರಿನ ಒತ್ತಡ. ಅದು ಕಾಲಿನ, ಹೊಟ್ಟೆಯ ರಕ್ತನಾಳಗಳನ್ನು ಹೊರಗಿನಿಂದ ಹಿತವಾಗಿ ಅದುಮಿ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ಕತ್ತಿನವರೆಗೆ ಮುಳುಗಿ ಕೂತವರಲ್ಲಿ ಹೀಗೆ ಸರಿಯುವ ರಕ್ತ ಸುಮಾರು 700 ಮಿಲಿಲೀಟರ್ ಎಂದು 1970ರ ದಶಕದಲ್ಲೇ ಅಳೆದಿದ್ದಾರೆ. ಹೃದಯಕ್ಕೆ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಸಿಗುವುದರಿಂದ ಅದು ಅವಸರ ಮಾಡಬೇಕಾಗಿಲ್ಲ. ಇತ್ತ ದೇಹ, ರಕ್ತ ಜಾಸ್ತಿಯಾಯಿತೆಂದು ತಪ್ಪು ತಿಳಿದು ಮೂತ್ರಪಿಂಡಗಳಿಗೆ ಕೆಲಸ ಹಚ್ಚುತ್ತದೆ. ನೀರಿಗಿಳಿದ ಅರ್ಧ ಗಂಟೆಗೆ ಬಚ್ಚಲು ನೆನಪಾಗುವುದು ಅದಕ್ಕೇ.

ಮೂರನೆಯದು ಶಾಖ. ವಾಟ್ಸು ಕೊಳದ ನೀರು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ನಮ್ಮ ಬಚ್ಚಲಿನ ಲೆಕ್ಕದಲ್ಲಿ ಇದು ಆರಿಹೋದ ನೀರು. ಹಂಡೆಯಿಂದ ತೋಡಿ ಹದ ಮಾಡಿದ ನೀರು ಸಾಮಾನ್ಯವಾಗಿ 40 ದಾಟಿರುತ್ತದೆ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. 30 ಡಿಗ್ರಿಯ ಗಾಳಿಯಲ್ಲಿ ಬೆವರುವ ನಾವು 30 ಡಿಗ್ರಿಯ ನೀರಿನಲ್ಲಿ ಅಲ್ಲಾಡದೆ ಒಂದು ಗಂಟೆ ಮಲಗಿದರೆ ನಡುಗುತ್ತೇವೆ. 38ಕ್ಕೆ ಹೋದರೆ ಬೆವರಿ ಸುಸ್ತಾಗುತ್ತೇವೆ, ನಿಂತು ಕೆಲಸ ಮಾಡುವವರು ಇನ್ನೂ ಬೇಗ. 35ರ ಆಸುಪಾಸಿನಲ್ಲಿ ದೇಹ ಶಾಖ ಕಳೆದುಕೊಳ್ಳುವುದೂ ಇಲ್ಲ, ಗಳಿಸುವುದೂ ಇಲ್ಲ. ಚರ್ಮ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಸ್ವಲ್ಪ ಹೊತ್ತಿನಲ್ಲಿ ಮಸುಕಾಗುತ್ತದೆ. ಸ್ವಿಟ್ಜರ್‌ಲೆಂಡಿನ ಬಾದ್ ರಾಗಾಜ್‌ನ ಬುಗ್ಗೆ ನೆಲದಿಂದಲೇ 36.5 ಡಿಗ್ರಿಯಲ್ಲಿ ಉಕ್ಕಿಬರುತ್ತದೆ. ಪಾರ್ಶ್ವವಾಯು ಪೀಡಿತರಿಗೆ, ಕೀಲು ಬಿಗಿದವರಿಗೆ ತೇಲುಬಳೆ ತೊಡಿಸಿ ವ್ಯಾಯಾಮ ಮಾಡಿಸುವ ಪದ್ಧತಿಗೆ ಆ ಊರಿನ ಹೆಸರೇ ಇದೆ.

ಬರೀ ತೇಲುವುದೇ ಸಾಕಾದರೆ ಮನುಷ್ಯರೇಕೆ ಬೇಕು ಎಂದು ಕೇಳಬಹುದು. ಆ ಪ್ರಯೋಗವೂ ಆಗಿದೆ. 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜಾನ್ ಲಿಲ್ಲಿ ಎಂಬ ವಿಜ್ಞಾನಿ, ಸದ್ದು ಬೆಳಕು ಎರಡೂ ಇಲ್ಲದ ತೊಟ್ಟಿಯಲ್ಲಿ ಒಬ್ಬರೇ ತೇಲುವ ವ್ಯವಸ್ಥೆ ಮಾಡಿದರು. ಅದರ ಇಂದಿನ ರೂಪದಲ್ಲಿ ನೀರಿಗೆ ನೂರಾರು ಕಿಲೊ ಎಪ್ಸಮ್ ಉಪ್ಪು ಕರಗಿಸಿರುತ್ತಾರೆ, ಮುಳುಗೋಣವೆಂದರೂ ಆಗದು. ಒಕ್ಲಹೋಮಾದ ಟಲ್ಸಾದಲ್ಲಿ ಆತಂಕ, ಖಿನ್ನತೆಗಳಿಂದ ಬಳಲುತ್ತಿದ್ದ 50 ಮಂದಿಯನ್ನು ಒಂದು ಗಂಟೆ ಹೀಗೆ ತೇಲಿಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರ ಆತಂಕ ಆ ಹೊತ್ತಿಗೆ ಗಮನಾರ್ಹವಾಗಿ ಇಳಿದಿತ್ತು. ಅಂದಮೇಲೆ ನೀರೊಂದೇ ಸಾಕಷ್ಟು ಕೆಲಸ ಮಾಡುತ್ತದೆ.

ಆದರೂ ಉಪ್ಪಿನ ತೊಟ್ಟಿ ಬೇರೆ, ತೋಳು ಬೇರೆ ಎಂದೇ ನನ್ನ ವಾದ. ನಲವತ್ತು ದಾಟಿದ ಮೇಲೆ ನಮ್ಮನ್ನು ಯಾರಾದರೂ ಎತ್ತಿಕೊಳ್ಳುವುದು ಆಂಬ್ಯುಲೆನ್ಸಿಗೆ ಹಾಕುವಾಗ ಮಾತ್ರ. ಅದರಲ್ಲೂ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮುಟ್ಟುವುದಕ್ಕೆ ಒಂದು ಕಾರಣ ಬೇಕು: ಜ್ವರ ನೋಡಲು, ಆಶೀರ್ವಾದ ಮಾಡಲು, ಎಣ್ಣೆ ಹಚ್ಚಲು. ಯಾವ ಕೆಲಸವನ್ನೂ ಸಾಧಿಸಬೇಕಾಗಿಲ್ಲದ, ತಿರುಗಿ ಏನನ್ನೂ ಕೇಳದ ಆಸರೆ ಒಂದು ಗಂಟೆ ಸಿಕ್ಕಿದಾಗ ಕೆಲವರಿಗೆ ನಗು ಬರುತ್ತದೆ, ಕೆಲವರಿಗೆ ಅಳು. ವಾಟ್ಸು ಮಂದಿ ಇದನ್ನು ಹುಟ್ಟಿನ ನೆನಪು, ಗರ್ಭದ ನೆನಪು ಎಂದೆಲ್ಲ ವರ್ಣಿಸುತ್ತಾರೆ. ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣಿಸುವುದಿಲ್ಲ. ಹೊತ್ತುಕೊಂಡಿದ್ದೇನೆಂದೇ ಗೊತ್ತಿಲ್ಲದ ಭಾರ ಇಳಿದಾಗ ಕಣ್ಣಲ್ಲಿ ನೀರು ಬರಲು ಗರ್ಭದವರೆಗೆ ಹೋಗಬೇಕಿಲ್ಲ.

ಇಲ್ಲಿ ಕನ್ನಡದ ಓದುಗರೊಬ್ಬರು, ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತಲ್ಲ’ ಎನ್ನುವುದು ಖಂಡಿತ. ದೀಪಾವಳಿಯ ಎಣ್ಣೆನೀರು ಇದೆ, ಬಾಣಂತಿಗೆ ಎರೆಯುವ ಹಂಡೆ ಹಂಡೆ ಬಿಸಿನೀರು ಇದೆ. ಕಾಲು ಚಾಚಿ ಕೂತ ಅಜ್ಜಿ ಎಳೆಗೂಸನ್ನು ಕಣಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕೈಕಾಲು ಹಿಂದೆ ಮುಂದೆ ಆಡಿಸಿ, ನೀರೆರೆಯುವುದನ್ನು ನೋಡಿದರೆ ಬೆಚ್ಚಗಿನ ನೀರು, ಸ್ಪರ್ಶ, ಕೀಲುಗಳ ಚಲನೆ ಮೂರೂ ಅಲ್ಲಿವೆ. ಆ ಕೂಸು ಆಮೇಲೆ ಗಂಟೆಗಟ್ಟಲೆ ಮಲಗುತ್ತದೆ ಎಂಬುದಕ್ಕೆ ಯಾವ ಅಧ್ಯಯನವೂ ಬೇಡ. ಆದರೂ ಇವೆರಡೂ ಒಂದೇ ಅಲ್ಲ. ನಮ್ಮದು ಸುರಿಯುವ ಸ್ನಾನ. ತಿಕ್ಕುವುದು, ತಟ್ಟುವುದು, ಮೈಯನ್ನು ಹುರಿಗೊಳಿಸುವುದು ಅದರ ಗುರಿ. ಸೀಗೆಪುಡಿ ಕಣ್ಣಿಗೆ ಹೋದವರಿಗೆ ಅದರಲ್ಲಿ ಎಷ್ಟು ವಿಶ್ರಾಂತಿ ಇತ್ತೆಂದು ಕೇಳಿ. ತೇಲುವ ಸಂಗತಿ ಬಂದರೆ ನಮಗಿದ್ದದ್ದು ಕೆರೆ, ಬಾವಿ, ಕಲ್ಯಾಣಿಗಳ ತಣ್ಣೀರು. ಬೆಚ್ಚಗಿನ ಬುಗ್ಗೆ ಬೇಕೆಂದರೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥದ ಹೆಸರು ಹೇಳಬಹುದು, ಅಲ್ಲಿಗೆ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು. ಇನ್ನು ನಮ್ಮ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಕೊಡುವ ಕಟಿಸ್ನಾನದ ಬೇರು ಜರ್ಮನಿಯ ಲೈಪ್‌ಸಿಗ್‌ನಲ್ಲಿದೆ. ಲೂಯಿ ಕೂನೆಯ ಜಲಚಿಕಿತ್ಸೆಯನ್ನು ಗಾಂಧೀಜಿ ಮೆಚ್ಚಿ, ತಾವೂ ಮಾಡಿ, ಇತರರಿಗೂ ಮಾಡಿಸಿದ್ದರಿಂದ ಅದು ಇಲ್ಲಿ ಮನೆಮಾತಾಯಿತು. ಅದೂ ಮುಖ್ಯವಾಗಿ ತಣ್ಣೀರಿನ ವಿದ್ಯೆ.

ಗುಣವಾಗುತ್ತದೆಯೇ ಎಂಬ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಬೇಕು. ವಾಟ್ಸು ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಜಾಲಾಡಿದ ಸ್ವಿಸ್ ಸಂಶೋಧಕರ ತಂಡವೊಂದರ ವಿಮರ್ಶೆ 2020ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂತು. ಅವರಿಗೆ ಸಿಕ್ಕಿದ್ದು 27 ಲೇಖನ. ನೋವು, ದೈಹಿಕ ಚಟುವಟಿಕೆ, ಮಾನಸಿಕ ನೆಮ್ಮದಿ ಮೂರರಲ್ಲೂ ಪ್ರಯೋಜನ ಕಾಣಿಸಿತು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ, ಪಾರ್ಶ್ವವಾಯುವಿನ ನಂತರದ ಬಿಗಿತ, ಗರ್ಭಿಣಿಯರ ಬೆನ್ನುನೋವು ಇಂಥವೆಲ್ಲ ಆ ಅಧ್ಯಯನಗಳಲ್ಲಿವೆ. ಆದರೆ ಒಳಗಿಳಿದು ನೋಡಿದರೆ ಬಹಳಷ್ಟು ಅಧ್ಯಯನಗಳು ಪುಟ್ಟವು. ಪಾರ್ಶ್ವವಾಯುವಿನ ಕುರಿತು 2009ರಲ್ಲಿ ಕೊರಿಯಾದಿಂದ ಬಂದ ವರದಿಯಲ್ಲಿ ಇದ್ದದ್ದು ಮೂವರು ರೋಗಿಗಳು. ಇನ್ನೊಂದು ತೊಡಕು, ಇಲ್ಲಿ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸುವಂತಿಲ್ಲ. ನಿಮ್ಮನ್ನು ಒಬ್ಬರು ನೀರಿನಲ್ಲಿ ತೇಲಿಸುತ್ತಿದ್ದಾರೋ ಇಲ್ಲವೋ ಎಂಬುದು ನಿಮಗೆ ತಿಳಿಯದ ಹಾಗೆ ಮಾಡುವುದು ಹೇಗೆ? ಒಂದು ಗಂಟೆ ಗಮನ ಕೊಟ್ಟು ಆರೈಕೆ ಮಾಡಿದರೆ ಯಾರಿಗಾದರೂ ಹಿತವೆನಿಸುತ್ತದೆ. ಅದರಲ್ಲಿ ವಾಟ್ಸುವಿನದೇ ಆದ ಪಾಲನ್ನು ಬೇರ್ಪಡಿಸುವುದು ಕಷ್ಟ. ನಿದ್ದೆ ಬರಬಹುದು, ನೋವು ಕೆಲವು ದಿನ ಹಗುರಾಗಬಹುದು, ಬಿಗಿದ ಕಾಲು ಸಡಿಲಗೊಂಡು ಫಿಸಿಯೋಥೆರಪಿಗೆ ಒಗ್ಗಬಹುದು. ಸಂಧಿವಾತವೋ ಖಿನ್ನತೆಯೋ ವಾಸಿಯಾಗುತ್ತದೆ ಎಂದು ಯಾರಾದರೂ ಕರಪತ್ರದಲ್ಲಿ ಅಚ್ಚು ಹಾಕಿದ್ದರೆ ಅಲ್ಲಿಂದ ಎದ್ದುಬರುವುದು ಒಳ್ಳೆಯದು, ಔಷಧಿ ನಿಲ್ಲಿಸಲು ಹೇಳಿದರಂತೂ ಕೂಡಲೇ.

ಭಾರತದಲ್ಲಿ ವಾಟ್ಸುವಿನ ಗಟ್ಟಿ ನೆಲೆ ಆರೋವಿಲ್. ಪುದುಚೇರಿಯಿಂದ ಉತ್ತರಕ್ಕೆ, ಕಡಲ ದಂಡೆಯಲ್ಲಿರುವ ಕ್ವಯಟ್ ಹೀಲಿಂಗ್ ಸೆಂಟರ್‌ನಲ್ಲಿ ಬೆಚ್ಚಗಿನ ಕೊಳವಿದೆ. ಅಲ್ಲಿ ಚಿಕಿತ್ಸೆಯೂ ಉಂಟು, ಕಲಿಯಬಯಸುವವರಿಗೆ ತರಗತಿಯೂ ಉಂಟು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಪುದುಚೇರಿ, ಅಲ್ಲಿಂದ ಆಟೊ. ಇತ್ತೀಚೆಗೆ ದೊಡ್ಡ ರೆಸಾರ್ಟುಗಳ ಸ್ಪಾ ಪಟ್ಟಿಗಳಲ್ಲೂ ವಾಟ್ಸು ಹೆಸರು ಇಣುಕುತ್ತಿದೆ. ಅದನ್ನು ಕೊಡುವವರು ಎಷ್ಟು ಕಲಿತಿದ್ದಾರೆಂದು ಕೇಳಿಯೇ ಹೋಗಬೇಕು. ಒಬ್ಬರ ಕತ್ತನ್ನು ಕೈಯಲ್ಲಿ ಹಿಡಿದು ನೀರಲ್ಲಿ ಬೀಸುವ ಕೆಲಸ ಇದು. ಸರಿಯಾಗಿ ಕಲಿತವರು ನೂರಾರು ಗಂಟೆ ತರಬೇತಿ ಪಡೆದಿರುತ್ತಾರೆ.

ಇದು ಊರೂರಿಗೆ ಬರದಿರುವುದಕ್ಕೆ ಕಾರಣ ಸರಳ: ಕಾಸು. ಐದು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕು ಅಡಿ ಆಳದ ಕೊಳದಲ್ಲಿ 30 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 35 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. 25 ಡಿಗ್ರಿಯ ನಲ್ಲಿ ನೀರನ್ನು 35ಕ್ಕೆ ಏರಿಸಲು 350 ಯೂನಿಟ್, ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಸಿಗುವ ಗರಿಷ್ಠ 200 ಯೂನಿಟ್‌ಗಿಂತ ಎಷ್ಟೋ ಹೆಚ್ಚು. ಹೀಟ್ ಪಂಪ್, ಸೋಲಾರ್ ಬಳಸಿದರೆ ಖರ್ಚು ಇಳಿಯುತ್ತದೆ, ಆದರೆ ನೀರು ರಾತ್ರಿಯೆಲ್ಲ ಆರುತ್ತಲೇ ಇರುತ್ತದೆ. ಒಂದು ಕೊಳ, ಒಬ್ಬ ಚಿಕಿತ್ಸಕ, ಒಬ್ಬ ಗಿರಾಕಿ, ಒಂದು ಗಂಟೆ. ದಿನಕ್ಕೆ ಮೂರು ನಾಲ್ಕು ಸರದಿಯ ಮೇಲೆ ಚಿಕಿತ್ಸಕರ ಸೊಂಟವೂ ಚರ್ಮವೂ ತಾಳುವುದಿಲ್ಲ. ಯಂತ್ರಕ್ಕೆ ವಹಿಸಿಕೊಡುವ ಕೆಲಸವೂ ಅಲ್ಲ. ಹೀಗಾಗಿ ವಾಟ್ಸು ಅಗ್ಗವಾಗುವ ಸೂಚನೆ ನನಗೆ ಕಾಣುತ್ತಿಲ್ಲ. ಗದ್ದೆಕೆಲಸದಲ್ಲಿ ಸೊಂಟ ಹೋದವರಿಗೆ, ಗಾರೆ ಹೊತ್ತು ಕತ್ತು ಹೋದವರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಬೆಚ್ಚಗಿನ ಕೊಳ ಇರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಾದರೂ ವಿಚಿತ್ರ ಬೇಡಿಕೆಯಲ್ಲ. ಯೂರೋಪಿನ ಹಲವು ಆಸ್ಪತ್ರೆಗಳಲ್ಲಿ ಅಂಥ ಕೊಳಗಳಿವೆ.

ಬೆಚ್ಚಗಿನ ನೀರು ಮನುಷ್ಯರಿಗೆ ಹಿತವಾದಷ್ಟೇ ರೋಗಾಣುಗಳಿಗೂ ಹಿತ. 35 ಡಿಗ್ರಿಯಲ್ಲಿ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ಕ್ಲೋರಿನ್ ಬೇಗ ಆವಿಯಾಗುತ್ತದೆ. ನೀರು ತಿಳಿಯಾಗಿ ತಳ ಕಾಣುತ್ತಿದೆಯೇ, ಎಷ್ಟು ಹೊತ್ತಿಗೊಮ್ಮೆ ಪರೀಕ್ಷಿಸುತ್ತಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಜ್ವರ, ತೆರೆದ ಗಾಯ, ಚರ್ಮದ ಸೋಂಕು, ಕಿವಿ ತಮಟೆಯಲ್ಲಿ ರಂಧ್ರ, ಹತೋಟಿಗೆ ಬಾರದ ಮೂರ್ಛೆರೋಗ, ಹೃದಯ ವೈಫಲ್ಯ ಇದ್ದವರು ಇಳಿಯಬಾರದು. ಎದೆಗೆ ನುಗ್ಗುವ ಆ 700 ಮಿಲಿಲೀಟರ್ ರಕ್ತ ದುರ್ಬಲ ಹೃದಯಕ್ಕೆ ಹೊರೆ. ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳಬೇಕು. ಘಾಟಿ ರಸ್ತೆಯಲ್ಲಿ ವಾಂತಿ ಬರುವವರು ಮೊದಲೇ ಹೇಳಿಬಿಡಬೇಕು, ಅವರನ್ನು ಗುಂಡಗೆ ತಿರುಗಿಸುವುದಿಲ್ಲ. ಯಾರ ಕೈಗೆ ಮೈ ಕೊಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಎಂದು ನೀರಿಗಿಳಿಯುವ ಮೊದಲೇ ಕೇಳಿ ತಿಳಿದುಕೊಳ್ಳುವುದು, ಸಾಕೆನಿಸಿದರೆ ಕೈಯಿಂದ ತೋರಿಸುವ ಸನ್ನೆಯೊಂದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯ ಚಿಕಿತ್ಸಕರ ರೂಢಿ. ಕೇಳದಿದ್ದರೆ ನೀವೇ ಹೇಳಿ. ಹೆಂಗಸರಿಗೆ ಹೆಂಗಸರೇ ಬೇಕೆಂದರೆ ಅದನ್ನು ಮುಂಗಡ ಕಾದಿರಿಸುವಾಗಲೇ ಹೇಳುವುದು ಲೇಸು.

ಹೋಗುವ ಮುಂಚೆ ಒಂದೆರಡು ಗಂಟೆ ಹೊಟ್ಟೆತುಂಬ ಊಟ ಬೇಡ. ಬಿಗಿ ಈಜುಡುಪಿಗಿಂತ ಸಡಿಲವಾಗಿ ಹೊಂದುವಂಥದ್ದು ಮೇಲು. ಬಳೆ, ಸರ, ವಾಚು ಬಿಚ್ಚಿಡಿ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಕೊಳದ ಫಿಲ್ಟರು ಕಟ್ಟಿಕೊಳ್ಳುತ್ತದೆ. ಇಳಿಯುವ ಮುನ್ನ ಬಚ್ಚಲಿಗೆ ಹೋಗಿ ಬನ್ನಿ. ಮುಗಿದ ಮೇಲೆ ಗಡಬಡಿಸಿ ಮೆಟ್ಟಿಲು ಹತ್ತಬೇಡಿ, ಒಂದು ಗಂಟೆ ತೂಕವಿಲ್ಲದೆ ಇದ್ದ ಕಾಲು ತಕ್ಷಣ ಮೈ ಹೊರುವುದಿಲ್ಲ. ಕಂಬಿ ಹಿಡಿದು ನಿಂತು, ಟವೆಲ್ ಹೊದ್ದು, ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕೂತ ಮೇಲೆ ಸ್ಕೂಟರ್ ಕೀ ಹುಡುಕಿದರೆ ಸಾಕು.